ಸೋರುವ ಎಣ್ಣೆ: ದೋಷವೇ, ಸ್ವಭಾವವೇ?

ಎತ್ತಿನ ಗಾಡಿ ಕಟ್ಟಿಕೊಂಡು ದೂರದ ಊರಿಗೆ ಹೊರಡುತ್ತಿದ್ದವರು ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಕೊಳವೆಯನ್ನು ತೂಗುಹಾಕಿಕೊಳ್ಳುತ್ತಿದ್ದರು. ಅದರಲ್ಲಿದ್ದುದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿದ ಆ ಕಪ್ಪು ಮಡ್ಡಿಯನ್ನು ಅಚ್ಚಿಗೆ ಸವರಿ, ಚಕ್ರವನ್ನು ಮತ್ತೆ ಏರಿಸಿ, ಕಡಾಣಿ ಬಡಿದು ಹೊರಟರೆ, ಎಣ್ಣೆ ಗುಂಬದ ಸಂದಿನಿಂದ ಸ್ವಲ್ಪಸ್ವಲ್ಪವಾಗಿ ಹೊರಬಂದು ದಾರಿಯ ಮಣ್ಣನ್ನು ಸೇರುತ್ತಿತ್ತು. ಮುಗಿದಾಗ ಮತ್ತೆ ಹಾಕುವುದು. ಗಾಡಿ ಸೋರುತ್ತಿದೆ ಎಂದು ಯಾರೂ ದೂರಿದಂತೆ ಕಾಣದು. ಎಣ್ಣೆ ಇರುವುದೇ ಹೋಗುವುದಕ್ಕೆ ಎಂಬುದು ಅಂದಿನ ತಿಳಿವಳಿಕೆಯಾಗಿತ್ತು.

ಮೋಟಾರು ವಾಹನಗಳು ಹುಟ್ಟಿದಾಗ ಅವುಗಳ ಎಂಜಿನ್ನುಗಳೂ ಇದೇ ತಿಳಿವಳಿಕೆಯನ್ನು ಮುಂದುವರಿಸಿದವೆಂಬುದು ಗಮನಾರ್ಹ. ಆರಂಭದ ಅನೇಕ ಎಂಜಿನ್ನುಗಳಲ್ಲಿ ಎಣ್ಣೆ ತೊಟ್ಟುತೊಟ್ಟಾಗಿ ಒಳಗೆ ಇಳಿಯುತ್ತಿತ್ತು. ತನ್ನ ಕೆಲಸ ಮುಗಿಸಿ ಅಷ್ಟಿಷ್ಟು ಉರಿದು, ಅಷ್ಟಿಷ್ಟು ಚೆಲ್ಲಿ ಹೋಗುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದ ವಿಮಾನಗಳಲ್ಲಿದ್ದ ತಿರುಗುವ ಎಂಜಿನ್ನುಗಳಂತೂ ಹರಳೆಣ್ಣೆಯನ್ನೇ ಕುಡಿದು ಹೊರಗೆ ಉಗುಳುತ್ತಿದ್ದವು. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು ಎಂಬುದು ಅದನ್ನು ಆರಿಸಿಕೊಂಡದ್ದಕ್ಕೆ ಕಾರಣ. ಅದರ ಹಬೆಯಲ್ಲಿ ಗಂಟೆಗಟ್ಟಲೆ ಕುಳಿತ ವಿಮಾನ ಚಾಲಕರ ಹೊಟ್ಟೆಯ ಪಾಡೇನಾಯಿತೆಂಬುದನ್ನು ನಮ್ಮ ಅಜ್ಜಿಯರಿಗೆ ವಿವರಿಸಬೇಕಾಗಿಲ್ಲ. 1909ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡನ ಸಂಸ್ಥೆ ತನ್ನ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟದ್ದು ಅದರಲ್ಲಿ ಬೆರೆತಿದ್ದ ಕ್ಯಾಸ್ಟರ್ ಎಣ್ಣೆಯಿಂದ, ಎಂದರೆ ನಮ್ಮ ಗಾಡಿಯ ಕೀಲಿಗೆ ಹಾಕುತ್ತಿದ್ದ ಅದೇ ಹರಳೆಣ್ಣೆಯಿಂದ.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ‘ಮಾಡೆಲ್ ಟಿ’ ಕಾರಿನಲ್ಲಿ ಎಣ್ಣೆಯ ಪಂಪೇ ಇರಲಿಲ್ಲ. ತಿರುಗುವ ಭಾರಚಕ್ರ ಎಣ್ಣೆಯನ್ನು ಮೊಗೆದು ಎರಚುತ್ತಿತ್ತು. ಎಷ್ಟು ಎಣ್ಣೆಯಿದೆಯೆಂದು ನೋಡಲು ಈಗಿನಂತೆ ಅಳತೆಯ ಕಡ್ಡಿಯೂ ಇಲ್ಲ. ಮೇಲೊಂದು ಕೆಳಗೊಂದು ಎರಡು ಚಿಕ್ಕ ನಲ್ಲಿಗಳು. ಮಾಲೀಕ ಕಾರಿನ ಕೆಳಗೆ ನುಸುಳಿ ಅವನ್ನು ತಿರುಗಿಸಿ, ಎಣ್ಣೆ ಬಂದರೆ ಇದೆ, ಬಾರದಿದ್ದರೆ ಇಲ್ಲ ಎಂದು ತಿಳಿಯಬೇಕಾಗಿತ್ತು. ಎಣ್ಣೆಯನ್ನು ಪಂಪಿನ ಒತ್ತಡದಿಂದ ಬೇರಿಂಗುಗಳಿಗೆ ಕಳುಹಿಸಿ, ತಳದ ತೊಟ್ಟಿಗೆ ಇಳಿಸಿ, ಅದನ್ನೇ ಮತ್ತೆ ಮತ್ತೆ ಸುತ್ತಿಸುವ ಏರ್ಪಾಟು ಸಾಮಾನ್ಯವಾದ ಮೇಲೆ ಪರಿಸ್ಥಿತಿ ಬದಲಾಯಿತು. ಹೋಗಿಬಿಡಬೇಕಾಗಿದ್ದ ಎಣ್ಣೆ ಈಗ ಹಿಂದಿರುಗಬೇಕಾಯಿತು. ಸೋರಿಕೆ ದೋಷವೆನಿಸಿದ್ದು ಆಗಿನಿಂದ.

ಈ ಇತಿಹಾಸವನ್ನು ಹೇಳಲು ಕಾರಣವಿದೆ. ನನ್ನಲ್ಲಿ 1978ರ ಒಂದು ಅಂಬಾಸಡರ್ ಕಾರಿದೆ. ಅದರ ಕೆಳಗೆ ನೆಲದ ಮೇಲೆ ಒಂದಷ್ಟು ಕಪ್ಪು ಹನಿಗಳನ್ನು ಕಂಡ ಒಂದು ಗ್ಯಾರೇಜಿನವರು, ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು, ಇಲ್ಲವಾದರೆ ಗುಜರಿಗೆ ಕೊಟ್ಟುಬಿಡಿ ಎಂದರು. ಅವರು ಕಾರಿನ ಕೆಳಗೆ ಬಗ್ಗಿ ನೋಡಿದ್ದು ಅರ್ಧ ನಿಮಿಷ. ಹಳೆಯ ಕಾರನ್ನು ಉಳಿಸಿಕೊಂಡಿರುವ ಎಷ್ಟೋ ಮನೆಗಳಲ್ಲಿ ಇಂಥ ತೀರ್ಪು ಕೇಳಿಬರುತ್ತದೆ, ಎಷ್ಟೋ ಒಳ್ಳೆಯ ಕಾರುಗಳು ಹೀಗೆ ಗುಜರಿ ಸೇರಿವೆ. ನಾನು ಮೂವತ್ತು ವರ್ಷ ಹಳಗನ್ನಡ ಕಾವ್ಯಗಳ ಪಾಠಾಂತರಗಳ ನಡುವೆ ಬದುಕಿದವನು. ಓಲೆಯ ಪ್ರತಿಯೊಂದರಲ್ಲಿ ತಪ್ಪು ಕಂಡಾಗ ಅದು ಈ ಲಿಪಿಕಾರನದೋ, ಅವನು ನೋಡಿ ಬರೆದ ಪ್ರತಿಯಲ್ಲೇ ಇತ್ತೋ, ಅಥವಾ ಅದು ತಪ್ಪೇ ಅಲ್ಲದೆ ಆ ಕಾಲದ ಪ್ರಯೋಗವೋ ಎಂದು ವಿಚಾರಿಸದೆ ತಿದ್ದುವವನು ಸಂಪಾದಕನಲ್ಲ. ಎಂಜಿನ್ನಿಗೂ ಈ ಮಾತು ಸಲ್ಲುತ್ತದೆಂದು ನನ್ನ ಭಾವನೆ. ಯಾವ ಸೋರಿಕೆ ದೋಷ, ಯಾವುದು ಆ ಎಂಜಿನ್ನಿನ ಹುಟ್ಟುಗುಣ ಎಂಬುದನ್ನು ತಿಳಿಯಬೇಕಾದರೆ ಅದು ಯಾವ ಕಾಲದ ಆಲೋಚನೆಯಿಂದ ಹುಟ್ಟಿತೆಂಬುದು ಗೊತ್ತಿರಬೇಕು.

ಎಂಜಿನ್ನಿನಲ್ಲಿ ಎಣ್ಣೆಯನ್ನು ತಡೆಯಬೇಕಾದ ಸಂದುಗಳು ಎರಡು ಬಗೆ. ಒಂದು, ನಿಂತ ಸಂದು. ಎರಡು ಲೋಹದ ಭಾಗಗಳು ಒಂದನ್ನೊಂದು ಮುಟ್ಟಿ ಕುಳಿತಿರುವಂಥದು. ಇನ್ನೊಂದು, ತಿರುಗುವ ದಂಡವೊಂದು ನಿಂತ ಗೋಡೆಯನ್ನು ತೂರಿ ಹೊರಬರುವ ಸಂದು.

ನಿಂತ ಸಂದಿನ ಕಥೆ ಸರಳ. ಎರಡು ಮೇಲ್ಮೈಗಳು ನಿಜವಾಗಿಯೂ ಸಮತಲವಾಗಿದ್ದರೆ ನಡುವೆ ಹೆಚ್ಚೇನೂ ಬೇಕಾಗದು. ಸಮತಲವನ್ನು ಸಾಧಿಸುವ ವಿಧಾನವನ್ನು ಜೋಸೆಫ್ ವಿಟ್‌ವರ್ತ್ 1840ರಷ್ಟು ಹಿಂದೆಯೇ ವಿದ್ವಾಂಸರ ಸಭೆಯಲ್ಲಿ ವಿವರಿಸಿದ್ದ. ಆದರೆ ತಗಡನ್ನು ಒತ್ತಿ ಮಾಡಿದ ಮುಚ್ಚಳಕ್ಕೆ ಅಂಥ ನಯ ಎಲ್ಲಿಂದ ಬರಬೇಕು? ಅದಕ್ಕಾಗಿ ನಡುವೆ ಬೆಂಡಿನ ಹಾಳೆ, ಎಂದರೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಬೆಳೆಯುವ ಕಾರ್ಕ್ ಓಕ್ ಮರದ ತೊಗಟೆ. ಅಥವಾ ದಪ್ಪ ಕಾಗದ. ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಇದು ‘ಪ್ಯಾಕಿಂಗ್’. ಅದಕ್ಕೆ ಬಳಿಯುತ್ತಿದ್ದುದು ಅರಗಿನಿಂದ ತಯಾರಾದ ಶೆಲ್ಲಾಕು. ಪಾಂಡವರ ಕಾಲದಿಂದಲೂ ನಾವು ಅರಗಿನ ಬಗ್ಗೆ ಎಚ್ಚರವಾಗಿರಬೇಕಾದವರು. ಆದರೂ ಮೆಕ್ಯಾನಿಕ್ಕುಗಳು ಅದನ್ನು ನಂಬಿದರು, ಅದು ಮೋಸಮಾಡಲಿಲ್ಲ. ಬೆಂಡಿನ ಕೊರತೆಯೆಂದರೆ ಅದು ವರ್ಷಗಳಲ್ಲಿ ಒಣಗಿ, ಬಿಸಿಗೆ ಗಡುಸಾಗಿ, ಕುಗ್ಗುತ್ತದೆ.

ತಿರುಗುವ ಸಂದಿನ ಕಥೆ ಇದಕ್ಕಿಂತ ದೊಡ್ಡದು. ಕ್ರ್ಯಾಂಕು ದಂಡ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುವಾಗ ಅದನ್ನು ಹಿಡಿಯದೆ, ಆದರೆ ಎಣ್ಣೆಯನ್ನು ಬಿಡದೆ ಇರುವ ವಸ್ತು ಯಾವುದು? ಮೊದಲು ಉಣ್ಣೆಯ ಫೆಲ್ಟನ್ನು ಹಚ್ಚಿದರು. ಗ್ರಾಫೈಟ್ ಸವರಿದ ಕಲ್ನಾರಿನ ಹಗ್ಗವನ್ನು ದಂಡದ ಸುತ್ತ ಬಿಗಿದರು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಆ ಹಗ್ಗಗಳನ್ನು ಕತ್ತರಿಸಿದ ಕೈಗಳಿಗೆ ತಿಳಿದಿರಲಿಲ್ಲ. ಆಮೇಲೆ ಚರ್ಮ. ಸೈಕಲ್ ಪಂಪಿನೊಳಗಿನ ಚರ್ಮದ ವಾಷರನ್ನು ನೋಡಿದವರಿಗೆ ಇದು ಹೊಸದಲ್ಲ. ಎಣ್ಣೆ ಕುಡಿದಿರುವಷ್ಟು ಕಾಲ ಮೆತ್ತಗೆ, ಒಣಗಿದರೆ ಕೆಲಸಕ್ಕೆ ಬಾರದು. ಜರ್ಮನಿಯ ವೈನ್‌ಹೈಮ್ ಪಟ್ಟಣದಲ್ಲಿ 1849ರಿಂದ ಚರ್ಮ ಹದಮಾಡುತ್ತಿದ್ದ ಫ್ರಾಯ್ಡೆನ್‌ಬರ್ಗ್ ಎಂಬ ಸಂಸ್ಥೆ, 1929ರ ಆರ್ಥಿಕ ಕುಸಿತದ ಸುಮಾರಿಗೆ, ತನ್ನಲ್ಲಿದ್ದ ಚರ್ಮದಿಂದ ಯಂತ್ರಗಳ ಸೀಲುಗಳನ್ನು ಮಾಡತೊಡಗಿತು. ಅಲ್ಲಿದ್ದ ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರನ ಹೆಸರಿನಿಂದ ಆ ಉಂಗುರಕ್ಕೆ ‘ಸಿಮ್ಮರಿಂಗ್’ ಎಂಬ ಹೆಸರು ಇಂದಿಗೂ ನಿಂತಿದೆ.

ರಬ್ಬರನ್ನು ಮೊದಲೇ ಏಕೆ ಬಳಸಲಿಲ್ಲ ಎಂದು ತಾವು ಕೇಳಬಹುದು. ಮರದ ಹಾಲಿನಿಂದ ಬಂದ ರಬ್ಬರು ಖನಿಜತೈಲ ತಾಕಿದರೆ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆಗೆ ಜಗ್ಗದ ನೈಟ್ರೈಲ್ ಎಂಬ ಕೃತಕ ರಬ್ಬರು 1930ರ ದಶಕದಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಮೇಲೆಯೇ ದಂಡದ ಸುತ್ತ ತುಟಿಯೊತ್ತಿ ಕೂರುವ ರಬ್ಬರಿನ ಸೀಲು ಸಾಧ್ಯವಾದದ್ದು. ಈ ತುಟಿ ದಂಡವನ್ನು ಒಣದಾಗಿ ಮುಟ್ಟುವುದಿಲ್ಲ, ಅದರ ಕೆಳಗೆ ಎಣ್ಣೆಯ ಅತಿ ತೆಳುವಾದ ಪದರವೊಂದು ಸದಾ ಇರುತ್ತದೆ ಎಂಬುದನ್ನು ಜಾಗರ್ ಎಂಬ ಬ್ರಿಟಿಷ್ ಸಂಶೋಧಕ 1957ರಲ್ಲಿ ತೋರಿಸಿಕೊಟ್ಟ. ಎಣ್ಣೆಯನ್ನು ತಡೆಯುವ ತುಟಿಯೂ ಕೊಂಚ ಎಣ್ಣೆಯಲ್ಲೇ ಬದುಕಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿದ ಕಾರು ಹೊರಟಾಗ ಮೊದಲಿಗಿಂತ ಹೆಚ್ಚು ಸೋರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸೋಜಿಗ. ಮೆತ್ತನೆಯ ರಬ್ಬರು ಗಟ್ಟಿ ಉಕ್ಕನ್ನು ತಿನ್ನುತ್ತದೆ. ತುಟಿಯಲ್ಲಿ ಸಿಕ್ಕಿಕೊಂಡ ಧೂಳು ವರ್ಷಗಟ್ಟಲೆ ಉಜ್ಜಿ ದಂಡದ ಮೇಲೆ ಒಂದು ಗೀರನ್ನು ಕೊರೆಯುತ್ತದೆ, ಹಳೆಯ ಬಾವಿಗಳ ಕಲ್ಲಿನಲ್ಲಿ ಸೇದುವ ಹಗ್ಗ ಕೊರೆದ ಗೀರಿನಂತೆ. ಅಂಥ ದಂಡಕ್ಕೆ ಎಷ್ಟು ಹೊಸ ಸೀಲು ಹಾಕಿದರೂ ಸೋರುತ್ತದೆ. ಬಲ್ಲ ಮೆಕ್ಯಾನಿಕ್ ಸೀಲನ್ನು ಒಂದೆರಡು ಮಿಲಿಮೀಟರಿನಷ್ಟು ಒಳಗೋ ಹೊರಗೋ ಸರಿಸಿ, ತುಟಿ ಸವೆಯದ ಉಕ್ಕಿನ ಮೇಲೆ ಕೂರುವಂತೆ ಮಾಡುತ್ತಾನೆ. ಅದಕ್ಕೆ ಎಡೆಯಿಲ್ಲದಿದ್ದರೆ ಗೀರಿನ ಮೇಲೆ ತೆಳುವಾದ ಉಕ್ಕಿನ ತೋಳು ತೊಡಿಸುತ್ತಾನೆ.

ಇನ್ನು ಅಂಬಾಸಡರಿಗೆ ಬರೋಣ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ತಯಾರಿಸಿದ ಈ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಪಡಿಯಚ್ಚು. 1959ರಿಂದ ಅದಕ್ಕೆ ಬಂದದ್ದು 1489 ಸಿಸಿಯ ‘ಬಿ-ಸೀರೀಸ್’ ಎಂಜಿನ್. 1950ರ ದಶಕದ ಆರಂಭದಲ್ಲಿ ಆಸ್ಟಿನ್ ಸಂಸ್ಥೆಯ ಲಾಂಗ್‌ಬ್ರಿಜ್ ಕಾರ್ಖಾನೆಯಲ್ಲಿ ರೂಪುಗೊಂಡ ಈ ಎಂಜಿನ್ನಿನ ಕ್ರ್ಯಾಂಕು ದಂಡ ಮೂರು ಬೇರಿಂಗುಗಳ ಮೇಲೆ ನಿಂತಿದೆ. ಅದರ ಹಿಂತುದಿಯಲ್ಲಿ ಚರ್ಮವಿಲ್ಲ, ಹಗ್ಗವಿಲ್ಲ, ರಬ್ಬರೂ ಇಲ್ಲ. ಇರುವುದು ದಂಡದ ಮೇಲೆ ಕೊರೆದ ಸುರುಳಿಯಾದ ಗಾಡಿ ಮಾತ್ರ, ತಿರುಪಿನ ಮರೆಯಂತೆ. ದಂಡ ತಿರುಗುವಾಗ ಹೊರಬರಲೆಳಸುವ ಎಣ್ಣೆಯನ್ನು ಆ ಸುರುಳಿ ಒಳಕ್ಕೆ ತಳ್ಳುತ್ತದೆ. ಸವೆಯುವ ಭಾಗವೊಂದೂ ಇಲ್ಲದ ಜಾಣ ಉಪಾಯ. ಆದರೆ ಎಂಜಿನ್ ನಿಂತ ಕ್ಷಣ ಸುರುಳಿಯೂ ನಿಲ್ಲುತ್ತದೆ. ಹಿಂದಿನ ಬೇರಿಂಗಿನಲ್ಲಿ ಉಳಿದ ಎಣ್ಣೆ ತನಗೆ ತೋಚಿದತ್ತ ಇಳಿಯುತ್ತದೆ. ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದರಂತೂ ಕೇಳುವುದೇ ಬೇಡ.

ಇದನ್ನು ರೂಪಿಸಿದವರಿಗೆ ಇದು ತಿಳಿಯದೆ ಇರಲಿಲ್ಲ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳ ಕ್ಲಚ್ಚಿನ ಗೂಡಿನ ತಳದಲ್ಲಿ ಒಂದು ಚಿಕ್ಕ ರಂಧ್ರವಿದ್ದು, ಅದರಲ್ಲೊಂದು ಸೀಳು ಪಿನ್ನು ಸಡಿಲವಾಗಿ ತೂಗಾಡುತ್ತಿರುತ್ತದೆ. ಕಾರಿನ ಕುಲುಕಾಟಕ್ಕೆ ಅದು ಅಲುಗಾಡುತ್ತ ರಂಧ್ರದಲ್ಲಿ ಕೊಳೆ ಕಟ್ಟದಂತೆ ನೋಡಿಕೊಳ್ಳುತ್ತದೆ. ಎಣ್ಣೆ ಬರುವುದು ಖಚಿತ, ಬಂದರೆ ಕ್ಲಚ್ಚಿನ ತಟ್ಟೆಗೆ ತಾಗದೆ ನೆಲಕ್ಕೆ ಬೀಳಲಿ ಎಂದು ಮಾಡಿದ ಏರ್ಪಾಟು ಅದು. ಆ ರಂಧ್ರದಿಂದ ಬೀಳುವ ಹನಿಯನ್ನು ಕಂಡು ಬೆಚ್ಚಿ, ರಂಧ್ರಕ್ಕೆ ಅಂಟು ಮೆತ್ತಿ ಮುಚ್ಚಿದವರುಂಟು. ಪರಿಣಾಮವಾಗಿ ಕ್ಲಚ್ ಎಣ್ಣೆಯಲ್ಲಿ ಮುಳುಗಿ ಜಾರತೊಡಗುತ್ತದೆ. ಇದೇ ವಂಶದ ಎಂಜಿನ್ ದೊಡ್ಡದಾಗಿ ಬೆಳೆದು ಎಂಜಿಬಿ ಎಂಬ ಕಾರಿನಲ್ಲಿ 1964ರಲ್ಲಿ ಐದು ಬೇರಿಂಗುಗಳನ್ನು ಪಡೆದಾಗ, ಹಿಂತುದಿಗೆ ರಬ್ಬರಿನ ತುಟಿಯ ಸೀಲೂ ಬಂತು. ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಮಾತ್ರ ತನ್ನ ಹಳೆಯ ಮಡಿಯನ್ನು ಬಿಡಲಿಲ್ಲ.

ಹಾಗೆಂದಮಾತ್ರಕ್ಕೆ ಎಲ್ಲ ಹನಿಯನ್ನೂ ಸ್ವಭಾವವೆಂದು ಕ್ಷಮಿಸಬಾರದು. ಕನ್ನಡದಲ್ಲಿ ಇದಕ್ಕೆ ಎಷ್ಟು ಸೂಕ್ಷ್ಮವಾದ ಮಾತುಗಳಿವೆ ನೋಡಿ: ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ಸುರಿಯುವುದು. ಲೋಹದ ಮೇಲೆ ತೇವ ಮಾತ್ರ ಕಂಡು ಹನಿಯಾಗದಿದ್ದರೆ ಅದು ಒಸರು; ಒರಸಿ ಸುಮ್ಮನಿರಬಹುದು. ರಾತ್ರಿಗೆ ನಾಲ್ಕಾರು ಹನಿ ತೊಟ್ಟಿಕ್ಕಿದರೆ ತಿಂಗಳಿಗೆ ಒಂದೆರಡು ಚಮಚೆ ಎಣ್ಣೆ ಹೋದೀತು. ನೆಲದ ಮೇಲೆ ಹರಡಿ ಅಂಗೈಯಗಲವಾಗುವ ಕಲೆ ಕಣ್ಣಿಗೆ ಮಾಡುವಷ್ಟು ಭಯವನ್ನು ಅಳತೆಯ ಕಡ್ಡಿ ಮಾಡುವುದಿಲ್ಲ. ಆದರೆ ಕಡ್ಡಿಯಲ್ಲಿ ಮಟ್ಟ ವಾರವಾರವೂ ಇಳಿಯುತ್ತಿದ್ದರೆ, ಬಿಸಿಯಾದ ಹೊಗೆಕೊಳವೆಯ ಮೇಲೆ ಎಣ್ಣೆ ಬಿದ್ದು ಕಮಟು ವಾಸನೆ ಬರುತ್ತಿದ್ದರೆ, ಕ್ಲಚ್ ಜಾರುತ್ತಿದ್ದರೆ, ಅದು ತಡಮಾಡಬಾರದ ರೋಗ. ಮೊದಲನೆಯದರಿಂದ ಬೇರಿಂಗು ಹೋಗುತ್ತದೆ, ಎರಡನೆಯದರಿಂದ ಬೆಂಕಿ ಹತ್ತಬಹುದು.

ಪರೀಕ್ಷೆಯ ಮೊದಲ ಹೆಜ್ಜೆ ತೊಳೆಯುವುದು. ಇಪ್ಪತ್ತು ವರ್ಷದ ಎಣ್ಣೆ, ಧೂಳು ಸೇರಿ ಕಟ್ಟಿದ ಮಡ್ಡಿಯ ಮೇಲೆ ಮೂಲವನ್ನು ಹುಡುಕುವುದು ಗೆದ್ದಲು ತಿಂದ ಓಲೆಯನ್ನು ಓದಿದಂತೆ. ಸೀಮೆಎಣ್ಣೆ, ಬ್ರಷ್ಷುಗಳಿಂದ ಎಂಜಿನ್ ತಣ್ಣಗಿರುವಾಗ ತೊಳೆದು, ಪೂರ್ತಿ ಒಣಗಿಸಿ, ಹತ್ತಿಪ್ಪತ್ತು ಮೈಲು ಓಡಿಸಿ, ರಾತ್ರಿ ಕೆಳಗೆ ಒಂದು ಬಿಳಿಯ ರಟ್ಟನ್ನು ಹಾಸಬೇಕು. ಮುಂದಿನ ಚಕ್ರದ ನೇರವನ್ನು ರಟ್ಟಿನ ಮೇಲೆ ಗುರುತುಮಾಡಿಕೊಂಡರೆ ಹನಿ ಬಿದ್ದ ಜಾಗ ಬೆಳಿಗ್ಗೆ ತಿಳಿಯುತ್ತದೆ. ಅದು ಎಂಜಿನ್ ಎಣ್ಣೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಹಿಂದಿನ ಆಕ್ಸಲಿನ ಗೇರ್ ಎಣ್ಣೆಗೆ ಗಂಧಕದ ನಾತ. ಬ್ರೇಕಿನ ದ್ರವ ತಿಳಿಯಾಗಿದ್ದು ಬಣ್ಣವನ್ನು ಕಿತ್ತುಹಾಕುತ್ತದೆ. ಅದು ಕಂಡರೆ ಕಾರನ್ನು ಅಲ್ಲಿಂದ ಕದಲಿಸಲೇಕೂಡದು.

ಆಮೇಲೆ ನೋಡಬೇಕಾದದ್ದು ಮೇಲಕ್ಕೆ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಆದುದರಿಂದ ಹನಿ ಬಿದ್ದ ಜಾಗ ಸಾಮಾನ್ಯವಾಗಿ ಅದು ಹುಟ್ಟಿದ ಜಾಗವಲ್ಲ. ಟಾರ್ಚು ಹಿಡಿದು, ತೇವವಾಗಿರುವ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೂ ಮುಂದಿನದನ್ನೂ ಹುಡುಕಬೇಕು. ಸಂಶಯವಿರುವ ಸಂದಿಗೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ ಎಂಜಿನ್ ಚಾಲೂ ಮಾಡಿದರೆ ಎಣ್ಣೆಯ ಹಾದಿ ಗೆರೆಯಾಗಿ ಮೂಡುತ್ತದೆ. ಈಗ ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ದೀಪದಲ್ಲಿ ನೋಡುವ ವಿಧಾನವೂ ಬಂದಿದೆ, ಪೌಡರು ಅಗ್ಗ. ಅಂಬಾಸಡರಿನಲ್ಲಿ ಹೀಗೆ ಹುಡುಕುತ್ತ ಹೋದರೆ ಸಿಗುವ ಅಪರಾಧಿಗಳು ಬಹುಮಟ್ಟಿಗೆ ಬಡಪಾಯಿಗಳು: ಮೇಲಿನ ಟ್ಯಾಪೆಟ್ ಕವರಿನ ಬೆಂಡು, ಎಣ್ಣೆಯ ಒತ್ತಡವನ್ನು ತೋರಿಸುವ ಮೀಟರಿನ ಕೊಳವೆಯ ಜೋಡಣೆ, ಎಂಜಿನ್ನಿನ ಪಕ್ಕದಲ್ಲಿರುವ ಎರಡು ತಗಡಿನ ಮುಚ್ಚಳಗಳು. ಈ ಪಕ್ಕದ ಮುಚ್ಚಳಗಳಿಂದ ಜಿನುಗಿದ ಎಣ್ಣೆ ಗೋಡೆಗುಂಟ ಇಳಿದು ಹಿಂದಕ್ಕೆ ಸರಿದು ಕ್ಲಚ್ಚಿನ ಗೂಡಿನ ಬಳಿ ತೊಟ್ಟಿಕ್ಕುತ್ತದೆ, ಸುರುಳಿಯ ಮೇಲೆ ಅಪವಾದ ಬರುತ್ತದೆ. ನನ್ನ ಕಾರಿನಲ್ಲಿ ಆದದ್ದು ಇದೇ. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಒಂದು ಮಧ್ಯಾಹ್ನದಲ್ಲಿ, ಎಂಜಿನ್ ಇಳಿಸದೆ, ಅದನ್ನು ಸರಿಪಡಿಸಿದರು.

ಬೆಂಡು ಸರಿಯಿದ್ದೂ, ಸೀಲು ಹೊಸದಿದ್ದೂ ಸೋರುವ ಎಂಜಿನ್ನುಗಳಿವೆ. ಅವುಗಳಿಗೆ ಉಸಿರು ಕಟ್ಟಿರುತ್ತದೆ. ಪಿಸ್ಟನ್ನಿನ ರಿಂಗುಗಳನ್ನು ದಾಟಿ ಸ್ವಲ್ಪ ಹೊಗೆ ಸದಾ ಕೆಳಗಿನ ಗೂಡಿಗೆ ಇಳಿಯುತ್ತಿರುತ್ತದೆ. ಅದು ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗೆ ಒತ್ತಡ ಬೆಳೆದು, ಸಿಕ್ಕ ಸಂದಿಯಿಂದ ಎಣ್ಣೆಯನ್ನು ತಳ್ಳುತ್ತದೆ. ಹಳೆಯ ಕಾರುಗಳಲ್ಲಿ ಇದಕ್ಕೆ ಒಂದು ಕೊಳವೆಯನ್ನು ಕೆಳಗೆ ಇಳಿಬಿಡುತ್ತಿದ್ದರು. ಓಟದ ಗಾಳಿ ಅದರ ಬಾಯಿಂದ ಹೊಗೆಯನ್ನು ಹೀರುತ್ತಿತ್ತು. ಲಾಸ್ ಏಂಜಲಿಸ್ ನಗರದ ಹೊಗೆಮಂಜಿಗೆ ವಾಹನಗಳ ಹೊಗೆಯೂ ಕಾರಣವೆಂದು ಹಾಗನ್-ಸ್ಮಿತ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ತೋರಿಸಿದ ಮೇಲೆ, ಈ ಉಸಿರನ್ನು ಮತ್ತೆ ಎಂಜಿನ್ನಿಗೇ ಕುಡಿಸಿ ಸುಡುವ ಕವಾಟವನ್ನು ಕ್ಯಾಲಿಫೋರ್ನಿಯಾದ ಹೊಸ ಕಾರುಗಳಲ್ಲಿ 1961ರ ಮಾದರಿಯಿಂದ ಅಳವಡಿಸಿದರು. ಮುಂದೆ ಅದು ಎಲ್ಲೆಡೆ ಹರಡಿತು. ಕೊಳವೆಯಾಗಲಿ ಕವಾಟವಾಗಲಿ, ಮಡ್ಡಿ ಕಟ್ಟಿದರೆ ಫಲ ಒಂದೇ. ಅದನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯಲು ಕಾಲು ಗಂಟೆ ಸಾಕು. ತೊಳೆದ ಮೇಲೂ ಎಣ್ಣೆ ಹಾಕುವ ಬಾಯಿಯನ್ನು ತೆರೆದಾಗ ಹೊಗೆ ಬುಸುಬುಸು ಬಂದರೆ ರಿಂಗುಗಳು ಸವೆದಿವೆಯೆಂದು ತಿಳಿಯಬೇಕು. ಎಂಜಿನ್ ಬಿಚ್ಚುವ ಮಾತು ಆಗ ನ್ಯಾಯವಾದದ್ದು.

ದುರಸ್ತಿಯ ವಿಷಯದಲ್ಲಿ ನನಗೊಂದು ಹಠವಿದೆ: ಸೋರಿದೊಡನೆ ಬೋಲ್ಟನ್ನು ಬಿಗಿಯುವ ಚಪಲವನ್ನು ಬಿಡಬೇಕು. ಅತಿಯಾಗಿ ಬಿಗಿದರೆ ಬೆಂಡು ಹಿಸಿದು ಹೊರಬರುತ್ತದೆ, ತಗಡಿನ ಅಂಚು ಬೋಲ್ಟಿನ ತೂತಿನ ಸುತ್ತ ಕುಳಿಬೀಳುತ್ತದೆ, ಎರಡು ಬೋಲ್ಟುಗಳ ನಡುವೆ ಸಂದು ತೆರೆದುಕೊಳ್ಳುತ್ತದೆ. ಅಂಥ ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮಮಾಡಿದ ಮೇಲೆಯೇ ಹೊಸ ಪ್ಯಾಕಿಂಗ್ ಹಾಕಬೇಕು. ಟ್ಯೂಬಿನಿಂದ ಹಿಂಡುವ ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತುವುದು ಇನ್ನೊಂದು ಪಿಡುಗು. ಹೊರಗೆ ಹಿಸಿದದ್ದು ಕಾಣುತ್ತದೆ. ಒಳಗೆ ಹಿಸಿದದ್ದು ಕಳಚಿಬಿದ್ದು ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಿದರೆ, ಸೋರಿಕೆ ನಿಂತು ಎಂಜಿನ್ನೂ ನಿಲ್ಲುತ್ತದೆ. ಎಣ್ಣೆ ಬಸಿಯುವ ಬಿರಡೆಯ ತಾಮ್ರದ ವಾಷರು ಗಡುಸಾಗಿದ್ದರೆ ಎಸೆಯಬೇಕಾಗಿಲ್ಲ. ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಸುರುಳಿಯ ಹನಿಗೆ ಕಾರಿನ ಕೆಳಗೊಂದು ತಟ್ಟೆ ಸಾಕು. ಬಿದ್ದ ಎಣ್ಣೆಯನ್ನು ಮಾತ್ರ ಗಿಡದ ಬುಡಕ್ಕೋ ಚರಂಡಿಗೋ ಸುರಿಯದೆ ಡಬ್ಬದಲ್ಲಿ ಕೂಡಿಟ್ಟು, ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.

ಅಂಬಾಸಡರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಿದರೂ ಬೇಕಾದ ಪ್ಯಾಕಿಂಗ್ ಸಿಗದೆ ಹೋಗುವುದುಂಟು. ಆಗ ಬೆಂಡಿನ ಹಾಳೆ ತರುವುದು. ನನ್ನ ಕಾರನ್ನು ಸರಿಪಡಿಸಿದ ಹಿರಿಯರು ಟೈಮಿಂಗ್ ಕವರಿನ ಕಾಗದದ ಪ್ಯಾಕಿಂಗನ್ನು ಕತ್ತರಿ ಮುಟ್ಟದೆ ಮಾಡಿದರು. ದಪ್ಪ ಕಾಗದವನ್ನು ಕವರಿನ ಮೇಲೆ ಹಾಸಿ, ಅಂಚಿನುದ್ದಕ್ಕೂ ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತ ಹೋದರು. ಲೋಹದ ಅಂಚೇ ಕಾಗದವನ್ನು ಕತ್ತರಿಸಿತು. ಬೋಲ್ಟಿನ ತೂತುಗಳ ಮೇಲೆ ಸುತ್ತಿಗೆಯ ಗುಂಡುತುದಿಯಿಂದ ಒಂದೊಂದು ಪೆಟ್ಟು ಕೊಟ್ಟಾಗ ದುಂಡನೆಯ ಬಿಲ್ಲೆಗಳು ಕೆಳಗೆ ಉದುರಿದವು. ಹತ್ತು ನಿಮಿಷದಲ್ಲಿ ಕೆಲಸ ಮುಗಿದು, ಅವರು ಆ ಪ್ಯಾಕಿಂಗನ್ನು ಒಂದು ಬೆರಳಿಗೆ ತೂಗುಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ, ಶೆಲ್ಲಾಕಿನ ಬಾಟಲಿ ಎಲ್ಲಿದೆಯೆಂದು ಹುಡುಗನನ್ನು ಕೂಗಿದರು.